ಮುಳುಗಿಸಿದ ಹೆಸರು

ಹಿಮದ ತಿಂಗಳು, 3

ಬೆಳಗಿನಿಂದ ಕೊರಳಪಟ್ಟಿಗಳೇ. ಎತ್ತಿನ ತೊಗಲು ಚಳಿಗೆ ಸೆಟೆದುಕೊಂಡು ದಬ್ಬಳ ಇಳಿಯುವುದಿಲ್ಲ. ಕೊಬ್ಬು ಸವರಿ, ಬೆಂಕಿಯ ಹತ್ತಿರ ಇಟ್ಟು, ಮೆತ್ತಗಾದ ಮೇಲೆ ಹೊಲಿದೆ. ಬೇಟೆಗೆ ಹೋಗುವವರಿಗೆ ಕತ್ತಿಗಿಂತ ಇದು ಮುಖ್ಯ. ಕಾಡಿನವು ಮೊದಲು ಬಾಯಿ ಹಾಕುವುದು ಕುತ್ತಿಗೆಗೆ.

ಮಧ್ಯಾಹ್ನ ತಮ್ಮ ಬಂದ. ಯಾಂಕೋ. ಇಲ್ಲಿಯವರಿಗೆ ಅವನು ಸೋದರ ಒಸ್ವಿನ್, ನಾನು ಸೋದರಿ ಹೆಡ್ವಿಗ. ಮಠ ಸೇರಿದ ದಿನವೇ ಹುಟ್ಟುಹೆಸರನ್ನು ಕಲ್ಲುತೊಟ್ಟಿಯ ನೀರಿಗೆ ಹೇಳಿ ಮುಳುಗಿಸಿ ಬಂದೆವು. ಆಮೇಲೆ ಅದನ್ನು ಯಾರೂ ಬಾಯಲ್ಲಿ ತರುವಂತಿಲ್ಲ. ಅವನೂ ತಂದಿಲ್ಲ. ಬರೆಯುವುದು ಬೇರೆ.

ನಾಳೆ ಅವನೂ ಬೇಟೆಗೆ. ಕೊರಳಿಗೆ ಪಟ್ಟಿ ಕಟ್ಟಿ ನೋಡಿದೆ.

"ಉಸಿರು ಕಟ್ಟುತ್ತೆ, ಸೋದರಿ. ಕಾಡಿನವಕ್ಕೆ ಕೆಲಸಾನೇ ಇಲ್ದಂಗೆ ನೀವೇ ಮುಗಿಸ್ತೀರಿ."

"ಸುಮ್ನಿರು. ಬಾಗಿಲ ವಿಷಯ ಕೇಳಿದ್ಯಾ?"

"ಕೇಳ್ದೆ."

ಕೋಟೆಯ ಬಾಗಿಲು ಈಗ ಮಠದ ಗಾಯಕರ ಪಂಗಡದ ಕೈಯಲ್ಲಿ. ಕತ್ತಲಾಗುವ ಹೊತ್ತಿಗೆ ಹೊರಗಿನಿಂದ ಬಂದವರು ಸಂತನ ಸ್ತೋತ್ರದ ಒಂದು ಸಾಲು ಹಾಡಬೇಕು. ಮನುಷ್ಯರ ಚರ್ಮ ಹೊದ್ದು ಬಂದರೂ ಕಾಡಿನವಕ್ಕೆ ಹಾಡಲು ಬರುವುದಿಲ್ಲವಂತೆ. ಯಾಂಕೋ ಮೌನಿಗಳ ಪಂಗಡ. ಅವರು ಕೋಟೆ ದಾಟಿದರೆ ಬಾಯಿ ಬಿಡುವುದಿಲ್ಲ, ಕಾಡಿನವು ದನಿ ಕದಿಯುತ್ತವೆ ಅನ್ನುತ್ತಾರೆ. ಇಷ್ಟು ಕಾಲ ಅವರು ಎರಡು ಮರದ ತುಂಡಿನ ಚಿಟಿಕೆ ಬಡಿದರೆ ಸಾಕಿತ್ತು. ಈ ಚಳಿಗಾಲದಿಂದ ಅದು ನಡೆಯುವುದಿಲ್ಲ.

"ಒಂದು ಸಾಲು ಹಾಡಿಬಿಡೋ. ನಿನ್ನ ಗಂಟೇನು ಹೋಗುತ್ತೆ?"

"ಹಾಡಿದ್ರೆ ನಮ್ಮೋರು ಸುಡ್ತಾರೆ. ಹಾಡ್ದಿದ್ರೆ ಅವ್ರು ಬಾಗ್ಲು ತೆಗೆಯಲ್ಲ. ಎರಡ್ರಲ್ಲಿ ಯಾವ್ದು ಬೆಚ್ಚಗಿರುತ್ತೆ, ನೀವೇ ಹೇಳಿ."

ನಕ್ಕ. ನಾನೂ ನಕ್ಕೆ.

ಹಿಮದ ತಿಂಗಳು, 4

ಹೋದ. ಹಿಮ ಬೀಳುತ್ತಿದೆ.

ಹಿಮದ ತಿಂಗಳು, 17

ಬಾಗಿಲಿಗೆ ಒರಗಿ ಕೂತಿದ್ದನಂತೆ, ಹೊರಗೆ. ಬೆಳಿಗ್ಗೆ ತೆಗೆದಾಗ ಒಳಕ್ಕೆ ಬಿದ್ದ.

ಮೈ ಕಲ್ಲಾಗಿತ್ತು. ಮರದ ಚಿಟಿಕೆ ಬೆರಳಿಗೆ ಅಂಟಿಕೊಂಡಿತ್ತು, ಬಿಡಿಸಲಾಗಲಿಲ್ಲ. ಕೊರಳಪಟ್ಟಿ ಹಾಗೇ ಇತ್ತು. ನನ್ನ ಹೊಲಿಗೆ ಒಂದೂ ಬಿಚ್ಚಿರಲಿಲ್ಲ. ಅವನನ್ನು ಕೊಂದದ್ದು ಕಾಡಲ್ಲ. ಚಳಿ. ಬಾಗಿಲು.

ಹೆಣ ಹಿಮದ ಕೋಣೆಯಲ್ಲಿದೆ. ಅದು ಯಾರ ಹೆಣವೆಂದು ಇನ್ನೂ ತೀರ್ಮಾನವಾಗಬೇಕಂತೆ! ಊಟದ ಮನೆಯಲ್ಲಿ ಮೇಜಿಗೊಂದು ಕಥೆ. ಗಾಯಕರು — ಬಂದದ್ದು ಒಸ್ವಿನ್ ಅಲ್ಲ, ಅವನ ಚರ್ಮ ಹೊದ್ದ ಕಾಡು. ಮೌನಿಗಳು — ಪ್ರಾಣ ಬಿಟ್ಟ, ವ್ರತ ಬಿಡಲಿಲ್ಲ, ಸಂತನಾದ.

ಅಡುಗೆಯ ಉಲ್ರಿಕಾ ಕೋಸಿನ ಗಂಜಿ ಬಡಿಸುತ್ತ ಎಲ್ಲರಿಗೂ ಕೇಳುವಂತೆ ಅಂದಳು: "ಸತ್ತೋನಿಗೆ ಎಷ್ಟೊಂದು ನೆಂಟರು! ಬದುಕಿದ್ದಾಗ ಒಂದು ಕಂಬಳಿ ಕೊಡೋಕೆ ಒಬ್ಬನೂ ಇರ್ಲಿಲ್ಲ. ನೀನು ತಿನ್ನು ಕಣೆ."

ತಿಂದೆ. ಬಿಸಿ ಇತ್ತು. ನಾಚಿಕೆಯಾಯಿತು.

ಹಿಮದ ತಿಂಗಳು, 19

ಗಾಯಕರ ಗುರು ಕೂನೋ ಬಂದಿದ್ದರು. ಮಾತೂ ಹಾಡಿನ ಹಾಗೆಯೇ. "ತಾಯಿ, ನಿನ್ನ ತಮ್ಮ ಕಾಡಲ್ಲೇ ಹೋಗ್ಬಿಟ್ಟ. ಇದು ಬರೀ ತೊಗಲು. ಸುಟ್ಟು ಬೂದೀನ ಹೊಳೆಗೆ ಬಿಡೋಣ. ನಿನಗೂ ನೆಮ್ಮದಿ."

ಅವರು ಹೋದ ಮೇಲೆ ಮೌನಿಗಳ ಗುರು ಲ್ಯಾಂಬ್ರೆಕ್ಟ್. "ನಾಡಿದ್ದು ಸಭೆ. ಇಂಥಾ ತಕರಾರು ಬಂದ್ರೆ ರಕ್ತಸಂಬಂಧಿಯ ಆಣೆಯೇ ಕೊನೆ ಮಾತು. ಹೆಣದ ಎದೆ ಮೇಲೆ ಕೈಯಿಟ್ಟು ಹೇಳ್ಬೇಕು — ಇವನು ನನ್ನ ತಮ್ಮ, ಹೊರಗೆ ಬಾಯಿ ಬಿಡದೆ ಸತ್ತ. ಅಷ್ಟೇ. ಪ್ರಾರ್ಥನಾ ಮಂದಿರದ ಗೋಡೆಯಲ್ಲಿ ಜಾಗ ಕೊಡ್ತೀವಿ."

"ಬಾಯಿ ಬಿಟ್ಟಿದ್ರೆ?"

"ಬಿಟ್ಟಿದ್ರೆ ನಾವೇ ಬೆಂಕಿ ಇಡ್ತೀವಿ. ಒಸ್ವಿನ್ ಅಂಥವನಲ್ಲ ಬಿಡು."

ನಮ್ಮ ಹೆಸರು ಮುಳುಗಿಸಿದವರಿಗೆ ಈಗ ರಕ್ತ ನೆನಪಾಗಿದೆ.

ನನಗೆ ಸಂತ ಬೇಡ. ಅವನು ಬೂದಿಯಾಗಬಾರದು, ಅಷ್ಟೇ. ಕೈಯಿಟ್ಟು ಮುಟ್ಟಲು ಎಲ್ಲಾದರೂ ಇರಬೇಕು.

ಹಿಮದ ತಿಂಗಳು, 20. ಸಂಜೆ ಗಂಟೆಗೆ ಮುಂಚೆ

ಬಾಗಿಲು ಕಾಯುವ ಬೊಗುಸ್ ಬಂದ. ಪ್ಲಮ್ ಸಾರಾಯಿಯ ವಾಸನೆ. ಕೂರು ಅಂದರೆ ಕೂರಲಿಲ್ಲ.

"ಚಿಟಿಕೆ ಬಡೀತಾನೇ ಇದ್ದ ಕಣಮ್ಮ. ಹಾಡು ಅಂದೆ. ಹಾಡಪ್ಪ, ನಿನ್ನ ಕಾಲಿಗೆ ಬೀಳ್ತೀನಿ ಅಂದೆ. ಹಾಡ್ಲಿಲ್ಲ. ಕೊನೇಗೆ ಚಿಟಿಕೆ ನಿಂತೋಯ್ತು. ಆಮೇಲೆ ಕೂಗ್ದ."

ದಬ್ಬಳ ಕೆಳಗಿಟ್ಟೆ. "ಏನಂತ?"

"ಅದೇ ಅರ್ಥ ಆಗ್ಲಿಲ್ಲ. ಕಾಡಿನವು ಕೇಳಿದ ಮಾತನ್ನೇ ಕೂಗ್ತವಲ್ಲ, ಕೋಟೆಯೋರ ಹೆಸರು ಹಿಡ್ಕೊಂಡು? ಇದು ಯಾರ ಹೆಸರೂ ಅಲ್ಲ. ಟಿಲ್ಲಾ, ಟಿಲ್ಲಾ ಅಂತ. ಒಂದು ಗಳಿಗೆ ಕೀಲಿಗೆ ಕೈ ಹಾಕಿದ್ದೆ ಕಣಮ್ಮ. ಟಿಲ್ಲಾ ಅನ್ನೋರು ಕೋಟೇಲಿ ಯಾರೂ ಇಲ್ವಲ್ಲ ಅಂತ ಕೈ ತಗೊಂಡೆ."

ಆ ರಾತ್ರಿ ನಾನು ಹಿಂದಿನ ಅಂಗಳದಲ್ಲಿದ್ದೆ. ಗಾಳಿ ಜೋರಿತ್ತು. ಕೇಳಲಿಲ್ಲ.

"ಯಾರಮ್ಮಾ ಟಿಲ್ಲಾ?"

"ಗೊತ್ತಿಲ್ಲ" ಅಂದೆ.

ಅವನು ಹೋದ ಮೇಲೆ ಗೋಡೆಗೆ ಮುಖವಿಟ್ಟು ಜೋರಾಗಿ ಹೇಳಿಕೊಂಡೆ. ಟಿಲ್ಲಾ. ನನ್ನದೇ ಹೆಸರು ಬೇರೆಯವರ ಹೆಸರಿನಂತೆ ಕೇಳಿಸಿತು.

ಹಿಮದ ತಿಂಗಳು, 21

ಎದೆ ತಣ್ಣಗಿತ್ತು. ಕೈಯಿಟ್ಟೆ.

"ಇವನು ನನ್ನ ತಮ್ಮ. ಹೊರಗೆ ಬಾಯಿ ಬಿಡದೆ ಸತ್ತ."

ಬೊಗುಸ್‌ನನ್ನು ಕೇಳಿದರು. ಅವನು ಮೊದಲು ಕೂನೋ ಗುರುಗಳ ಮುಖ ನೋಡಿದ. "ಚಿಟಿಕೆ ಬಿಟ್ಟು ಬೇರೇನೂ ಕೇಳ್ಲಿಲ್ಲ" ಅಂದ.

ಕೂನೋ ವಾದವನ್ನೇ ಮಾಡಲಿಲ್ಲ. ರಕ್ತದ ಆಣೆಗೆ ತಲೆಬಾಗುತ್ತೇವೆ ಎಂದು ಕೂತುಬಿಟ್ಟರು. ಆಗ ತಿಳಿಯಿತು. ಮನುಷ್ಯರ ದನಿಯಲ್ಲಿ ಕೂಗಿದವನಿಗೆ ಬಾಗಿಲು ತೆಗೆಯಲಿಲ್ಲ ಎಂದಾದರೆ ಅವರಿಗೆ ಮುಖವಿಲ್ಲ. ಕೂಗಿದ ಎಂದಾದರೆ ಮೌನಿಗಳಿಗೆ ಸಂತನಿಲ್ಲ. ಅವನು ಕೂಗದಿರುವುದು ಎರಡೂ ಕಡೆಯವರಿಗೆ ಬೇಕಿತ್ತು.

ನನಗೂ.

ಕತ್ತಲ ತಿಂಗಳು, 2

ಹೊಲಿಗೆಯನ್ನು ಬಾಗಿಲ ಮೇಲಿನ ಕೋಣೆಗೆ ತಂದುಕೊಂಡೆ. ಬೆಳಕು ಚೆನ್ನಾಗಿದೆ ಎಂದೆ. ಯಾರೂ ಏನೂ ಕೇಳಲಿಲ್ಲ. ಸಂತನ ಅಕ್ಕ.

ಕರಗುವ ತಿಂಗಳು, 11

ಗೋಡೆಯಲ್ಲಿ ಅವನ ಕಲ್ಲು. ಬಾಯಿ ಮುಚ್ಚಿದ ಮುಖ ಕೆತ್ತಿದ್ದಾರೆ. ಅವನ ಮುಖವಲ್ಲ. ಅವನ ಬಾಯಿ ಮುಚ್ಚಿದ್ದೇ ಕಡಿಮೆ. ಕೆಳಗಿನ ಹಳ್ಳಿಯವರು ಬಂದು ಮುತ್ತಿಡುತ್ತಾರೆ. ನನಗೆ ಸರದಿ ಸಿಗುವುದಿಲ್ಲ.

ಅವನ ಹೆಸರಲ್ಲಿ ಮೌನವ್ರತ ಹಿಡಿಯುವವರು ಹೆಚ್ಚಾಗಿದ್ದಾರೆ. ಬಾಗಿಲ ಪದ್ಧತಿ ಹಾಗೇ ಇದೆ. ಇವರು ಹಾಡುವುದಿಲ್ಲ, ಅವರು ತೆಗೆಯುವುದಿಲ್ಲ. ಹಾಗೆ ಹೋದವರಲ್ಲಿ ಇಬ್ಬರು ಆಗಲೇ ಹಿಮದ ಕೋಣೆಯಲ್ಲಿದ್ದಾರೆ.

ಇವತ್ತು ಮೆಖ್ಟಿಲ್ಡ್ ಎಂಬವಳು ಕೊರಳಪಟ್ಟಿಗೆ ಬಂದಳು. ಗಟ್ಟಿ ಹೆಂಗಸು, ಮೊದಲು ಮರ ಕಡಿಯುತ್ತಿದ್ದಳಂತೆ.

"ನೀವು ಅವರಕ್ಕ ಅಲ್ವಾ? ಪುಣ್ಯ ಮಾಡಿದ್ರಿ. ಒಸ್ವಿನ್ ಬಾಯಿ ಬಿಡ್ಲಿಲ್ಲ. ನಾನೂ ಬಿಡಲ್ಲ."

ಹೇಳಬಹುದಿತ್ತು. ಹೇಳಿದರೆ ಗೋಡೆ ಒಡೆದು ಅವನನ್ನು ಹೊರಗೆಳೆದು ಸುಡುತ್ತಾರೆ.

"ಕತ್ತು ಎತ್ತು, ಅಳತೆ ತಗೋಬೇಕು" ಅಂದೆ.

ಎತ್ತಿದಳು. ಕೊರಳಲ್ಲಿ ನಾಡಿ ಹೊಡೆದುಕೊಳ್ಳುತ್ತಿತ್ತು. ಕೈ ಅಲ್ಲೇ ನಿಂತಿತು.

"ನೋಡು, ಬಾಗಿಲಲ್ಲಿ ಸಿಕ್ಕಿಹಾಕ್ಕೊಂಡ್ರೆ ಟಿಲ್ಲಾ ಅಂತ ಕೂಗು. ಮೇಲೆ ನಾನಿರ್ತೀನಿ."

"ಅದೇನದು? ಮಂತ್ರಾನಾ?"

"ಹೆಸರು."

"ಯಾರ್ದು?"

"ಕೂಗಿದ್ರೆ ಗೊತ್ತಾಗುತ್ತೆ."

ನಕ್ಕಳು. ದುಃಖಕ್ಕೆ ತಲೆ ಕೆಟ್ಟಿದೆ ಅಂದುಕೊಂಡಿರಬೇಕು.

ಕರಗುವ ತಿಂಗಳು, 15. ಸಂಜೆ ಗಂಟೆ ಆದ ಮೇಲೆ

ಮಂಜು. ಬಾಗಿಲೆದುರಿನ ಸೇತುವೆ ಕಾಣುವುದಿಲ್ಲ. ಮೆಖ್ಟಿಲ್ಡ್ ಬೆಳಿಗ್ಗೆ ಹೋದವಳು ಬಂದಿಲ್ಲ.

ಕೆಳಗೆ ಚಿಟಿಕೆ. ಬಹಳ ಹೊತ್ತಿನಿಂದ.

"ಹಾಡು" ಅನ್ನುತ್ತಿದ್ದಾನೆ ಬೊಗುಸ್. "ಹಾಡವ್ವಾ, ದಮ್ಮಯ್ಯ."

ಬರೆಯುತ್ತಿದ್ದರೆ ಕಾಲು ಇಲ್ಲೇ ನಿಲ್ಲುತ್ತದೆ ಅಂದುಕೊಂಡೆ.

ಚಿಟಿಕೆ ನಿಂತಿತು.

ಕೂಗು. ಟಿಲ್ಲಾ.

ಮತ್ತೆ. ಹೆಣ್ಣು ದನಿಯೋ ಗಂಡು ದನಿಯೋ ಮಂಜಿನಲ್ಲಿ ತಿಳಿಯುತ್ತಿಲ್ಲ. ಮೆಖ್ಟಿಲ್ಡ್ ಇರಬಹುದು. ಆದರೆ ಅವತ್ತು ಯಾಂಕೋ ಕೂಗಿದ್ದನ್ನು ಕಾಡೂ ಕೇಳಿದೆ. ಆ ಹೆಸರು ಈಗ ಅದರ ಹತ್ತಿರವೂ ಇದೆ. ಇದು ನನಗೆ ಮೊದಲೇ ಯಾಕೆ ಹೊಳೆಯಲಿಲ್ಲ...

ಬೊಗುಸ್ ಮೆಟ್ಟಿಲ ಬುಡಕ್ಕೆ ಬಂದು ನಿಂತಿದ್ದಾನೆ. ಕೀಲಿ ಅವನ ಕೈಯಲ್ಲಿದೆ.

"ಅಮ್ಮಾ, ಅದೇ ಹೆಸರು ಕಣಮ್ಮಾ. ಹೇಳಿ. ಯಾರದು ಟಿಲ್ಲಾ?"

ಅವತ್ತು ಹೀಗೆ ಕೇಳಲು ಅವನಿಗೆ ಯಾರೂ ಇರಲಿಲ್ಲ. ಇವತ್ತು ನಾನಿದ್ದೇನೆ. ಕಾಡಾದರೆ ಕಾಡು. ಯಾಂಕೋ, ನಿನ್ನ ಗೋಡೆ ಹೋದರೆ ಹೋಗಲಿ, ನಾನು ಕೆಳಗಿಳಿದು ಬೊಗುಸ್‌ಗೆ ನನ್ನ ಹೆಸರು —