ಬೇಯದೆ ಬೆಳ್ಳಗಾದ ಕಲ್ಲು

ಹರಿಹರ
೨೬ ಮೇ ೧೯೯೮, ಮಂಗಳವಾರ

ಪ್ರೀತಿಯ ಮಗ ಅಕೀಬ್‌ಗೆ, ನಿನ್ನ ಅಬ್ಬಾ ಮಾಡುವ ದುವಾ.

ಮೈಕೈ ನೆಟ್ಟಗಿದೆಯಾ? ಹಡಗಿನ ತುಂಬ ಸಮುದ್ರ ಪರೀಕ್ಷೆ ಮಾಡುವ ಸಾಹೇಬರಿಗೆಲ್ಲ ಬೇಯಿಸಿ ಹಾಕುವವನು, ತಾನು ಹೊತ್ತಿಗೆ ಸರಿಯಾಗಿ ಉಣ್ಣುತ್ತಾನೋ ಇಲ್ಲವೋ ಎಂದು ನಿನ್ನ ಅಮ್ಮಿಗೆ ದಿನವೂ ಅದೇ ಚಿಂತೆ. ನಾವು ಆರಾಮ. ನನ್ನ ಕೆಮ್ಮು ಹಳೇ ನೆಂಟ, ಬಂದು ಹೋಗಿ ಮಾಡುತ್ತಿದೆ. ಬಿಸಿಲಿಗೆ ಹೊಳೆ ತೀರಾ ಬಡವಾಗಿದೆ.

ಲಕ್ಷದ್ವೀಪದ ಸುತ್ತ ನೀರು ಎಂದಿಲ್ಲದಂತೆ ಬಿಸಿಯಾಗಿ, ತಳದ ಹವಳವೆಲ್ಲ ಬೆಳ್ಳಗಾಗಿದೆ ಎಂದು ಏಪ್ರಿಲ್‌ನಲ್ಲಿ ಬರೆದಿದ್ದೆಯಲ್ಲ. ಮೂವತ್ತು ವರ್ಷ ಸುಣ್ಣದ ಭಟ್ಟಿಯ ಮುಂದೆ ಕೂತವನಿಗೆ ಅದು ಹೇಗೆ ಕೇಳಿಸಬೇಕು ಹೇಳು? ನಮ್ಮ ಕಸುಬಿನಲ್ಲಿ ಕಲ್ಲು ಬೆಳ್ಳಗಾಯಿತೆಂದರೆ ಚೆನ್ನಾಗಿ ಬೆಂದಿದೆ ಎಂದೇ ಅರ್ಥ. ಸಮುದ್ರವೇ ಸೌದೆಯಿಲ್ಲದೆ ಸುಣ್ಣ ಬೇಯಿಸಿಟ್ಟಿದೆ ಎಂದು ನಾನೇ ಬಜಾರಿಗೆಲ್ಲ ಸಾರಿದೆ. ದಾವಣಗೆರೆಯ ಎಲೆಯಂಗಡಿ ಮುರುಗೇಶಪ್ಪನವರಂತೂ, "ಹತ್ತು ಚೀಲ ತರಿಸ್ರಿ ಸಾಬ್ರೆ, ಹವಳದ ಸುಣ್ಣ ಅಂದ್ರೆ ಜನ ಮುಗಿಬೀಳ್ತಾರೆ" ಎಂದರು. ನಾನೂ ಉಬ್ಬಿಹೋಗಿ, ಹತ್ತು ಚೀಲ ಬೇಕು, ಮೊದಲು ಒಂದು ತುಂಡು ಕಿತ್ತು ಕಳಿಸು ಎಂದು ನಿನಗೆ ಬರೆದೆ.

ಶುಕ್ರವಾರ ನಿನ್ನ ಪಾರ್ಸಲ್ ಬಂತು, ಜೊತೆಗೆ ಕಾಗದ. ತುಂಡು ನಾನೇ ಮುಳುಗಿ ಕಿತ್ತದ್ದು, ಹತ್ತು ಚೀಲಕ್ಕೆ ದ್ವೀಪದವರಿಗೆ ಹೇಳಿಟ್ಟಿದ್ದೇನೆ, ಮುಂದಿನ ಹಡಗಿಗೆ ಬರುತ್ತದೆ ಎಂದಿದ್ದೆ. ಬಣ್ಣಬಣ್ಣದ ಮೀನುಗಳು ಒಂದೂ ಕಾಣುತ್ತಿಲ್ಲ, "ಖಬರಸ್ತಾನದ ಮೇಲೆ ಈಜಿದಂಗಾತು ಅಬ್ಬಾ" ಎಂದೂ ಬರೆದಿದ್ದೆ. ಕೊನೆಗೆ ಇನ್ನೊಂದು ಮಾತಿತ್ತು. ಬೆಳ್ಳಗಾದದ್ದೆಲ್ಲ ಸತ್ತಿಲ್ಲ, ಒಳಗೆ ಸಣ್ಣ ಸಣ್ಣ ಜೀವಗಳಿವೆ, ನೀರು ಬೇಗ ತಣಿದರೆ ಕೆಲವಕ್ಕೆ ಮತ್ತೆ ಬಣ್ಣ ಬಂದೀತು ಎನ್ನುತ್ತಾರೆ ನಿನ್ನ ಸಾಹೇಬರು. ಚೀಲದ ಗುಂಗಿನಲ್ಲಿ ಆ ಸಾಲನ್ನು ಓದಿಯೂ ಓದದವನಂತೆ ದಾಟಿಬಿಟ್ಟೆ.

ಅವತ್ತೇ ತುಂಡನ್ನು ಬೋಗುಣಿಯಲ್ಲಿಟ್ಟು ನೀರು ಸುರಿದೆ. ಬೆಂದ ಕಲ್ಲಾದರೆ ಸುಯ್ಯೆಂದು ಕಾದು ಅರಳಬೇಕು, ನಿನಗೇ ಗೊತ್ತು. ಅದು ತಣ್ಣಗೆ ಕೂತಿತ್ತು. ಸಂಜೆ ಹೊತ್ತಿಗೆ ವಾಸನೆ ಎದ್ದಿತು. ಹೊಳೆ ಇಳಿದಾಗ ಮಡುವಿನಲ್ಲಿ ಸಿಕ್ಕಿಬಿದ್ದು ಸಾಯುವ ಕಪ್ಪೆಚಿಪ್ಪಿನದೇ ವಾಸನೆ. ನಿನ್ನ ಅಮ್ಮಿ ಅದರ ಮೇಲೆ ಬೆರಳಾಡಿಸಿ, "ಇದು ಕಲ್ಲಲ್ಲರೀ. ನೋಡ್ರಿ, ಒಂದೊಂದು ತೂತೂ ಒಂದೊಂದು ಮನಿ ಇದ್ದಂಗೈತೆ. ಇದ್ರಾಗ ಯಾರೋ ಇದ್ರು" ಎಂದಳು. ಆಮೇಲೆ ಅವಳು ಆ ಬೋಗುಣಿಯನ್ನು ಒಳಗೆ ತರಲಿಲ್ಲ.

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಊರಿಗೆಲ್ಲ ಬುದ್ಧಿ ಹೇಳುತ್ತಿದ್ದವನು ನಾನು! ನಾಲ್ಕು ದಿನವಾಯಿತು, ಭಟ್ಟಿ ಹಚ್ಚಿಲ್ಲ. ಸುಡಲು ತಂದಿಟ್ಟ ಚಿಪ್ಪಿನ ರಾಶಿಗೆ ಕೈ ಹಾಕಿದರೆ ಒಳಗೆ ಯಾರಾದರೂ ಇದ್ದಾರಾ ಎಂದು ನೋಡುವಂತಾಗಿದೆ. ಎಲೆಗೆ ಸುಣ್ಣ ಹಚ್ಚಿದರೆ ಅದೇ ವಾಸನೆ. ಪಕ್ಕದ ಮನೆಯ ಕೊಟ್ರವ್ವ ಮೂಸಿ ನೋಡಿ, "ಏನೂ ಇಲ್ಲಲ್ಲ ಸಾಬ್ರೆ, ನಿಮ್ಮ ಮೂಗು ಕೆಟ್ಟೈತೆ" ಎಂದಳು. ನನಗೆ ಹೆದರಿಕೆಯಾಗುತ್ತಿದೆ ಮಗಾ. ಬೆಂಕಿಯಿಲ್ಲದೆ ಸಮುದ್ರಕ್ಕೆ ಸಮುದ್ರವೇ ಬೇಯುವುದೆಂದರೆ ಎಂಥ ಕಾಲ ಇದು.

ಆದ್ದರಿಂದ ಈ ಕಾಗದ ಕಂಡ ತಕ್ಷಣ ಆ ಹತ್ತು ಚೀಲವನ್ನು ಬೇಡವೆನ್ನು. ಯಾರೂ ಏನೂ ಕೀಳಬಾರದು. ಬಣ್ಣ ಬರುವಂತಿದ್ದರೆ ಬರಲಿ. ನಿನ್ನೆ ಬಸ್ ಹತ್ತಿ ಹೋಗಿ ಮುರುಗೇಶಪ್ಪನವರಿಗೂ ಹೇಳಿ ಬಂದೆ. "ಕಲ್ಲಿಗೆ ಅಳೋ ಸುಣ್ಣಗಾರನ್ನ ಇವತ್ತೇ ನೋಡಿದ್ದು" ಎಂದು ನಕ್ಕರು. ನಗಲಿ ಬಿಡು.

ಅಮ್ಮಿ ನಿನಗೆ ದುವಾ ಹೇಳಿದ್ದಾಳೆ. ಅಲ್ಲಾಹ್ ನಿನ್ನನ್ನು ಕಾಪಾಡಲಿ.

ನಿನ್ನ ಅಬ್ಬಾ,
ಹಯಾತ್

ತಾಜಾ ಕಲಂ: ಇದು ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ನೀನು ಕೀಳುವಾಗ ಆ ತುಂಡು ಸತ್ತಿತ್ತಾ, ಇನ್ನೂ ಜೀವ ಇತ್ತಾ? ಸಾಹೇಬರನ್ನು ಕೇಳಿ ಬರೆ. ಅಬ್ಬಾ ನೊಂದಾರು ಎಂದು ಸುಳ್ಳು ಬರೆಯಬೇಡ. ಜೀವ ಇತ್ತು ಎಂದರೆ, ಅದು ನಿನ್ನ ಕನಸಿಗೆ ಬರುವುದು ಬೇಡ. ಕೀಳಿಸಿದವನು ನಾನು, ನನ್ನ ಕನಸಿಗೇ ಬರಲಿ.