ಚಹಾಕ್ಕೆ ನಿಂತ ಕಾರು

ಉಜ್ಜಿನಿ
14 ಆಗಸ್ಟ್ 2002

ಶ್ರೀ ಗುರುಶಾಂತ ಅವರಿಗೆ ಪುಷ್ಪಲತಾ ಮಾಡುವ ನಮಸ್ಕಾರಗಳು.

ಗಂಡನ ಹೆಸರು ಹಿಡಿದು ಕಾಗದ ಬರೆಯುವವಳನ್ನು ನಿಮ್ಮ ಅಕ್ಕ ಏನನ್ನುತ್ತಾರೆಂದು ನನಗೆ ಗೊತ್ತು. ಲಕೋಟೆಯ ಮೇಲೆ ಹೇಗೂ ಬರೆಯಲೇಬೇಕು, ಒಳಗೂ ಬರೆದರೆ ಹೆಚ್ಚಿನ ಪಾಪವೇನೂ ಬರಲಿಕ್ಕಿಲ್ಲ. ನಾನು ಇಲ್ಲಿ ಆರಾಮವಾಗಿದ್ದೇನೆ. ನರ್ಸ್ ಕ್ವಾರ್ಟರ್ಸಿನ ಸೋರುವ ಮೂಲೆಗೆ ಈ ವರ್ಷ ಸಿಮೆಂಟು ಬಳಿದಿದ್ದಾರೆ. ನೀವು ಹರಪನಹಳ್ಳಿಯಲ್ಲಿ ಅಕ್ಕನ ಮನೆಯಲ್ಲಿ ಚೆನ್ನಾಗಿದ್ದೀರೆಂದು ತಿಳಿದುಕೊಂಡಿದ್ದೇನೆ. ಕ್ಷೇಮ ಸಮಾಚಾರ ಇಷ್ಟೇ. ಆರು ವರ್ಷದ ಮೇಲೆ ಬರೆಯುತ್ತಿರುವುದು ಕಾರಿನ ವಿಷಯಕ್ಕೆ.

ಕಾರು ಓಡಿಸುವವರು ನೀವಾದರೂ ಕಾಗದದ ಪ್ರಕಾರ ಅದರ ಯಜಮಾನಿ ನಾನೇ. ಸರ್ಕಾರಿ ನೌಕರಿಯವರ ಹೆಸರಿರಲಿ ಎಂದು ಅಂದು ಬ್ಯಾಂಕಿನವರು ಹಟ ಹಿಡಿದಿದ್ದು ನಿಮಗೆ ನೆನಪಿರಬೇಕು. ಹಾಗಾಗಿ ನೋಟೀಸು ನನಗೆ ಬಂತು. ಹದಿನೈದು ವರ್ಷ ಮೀರಿದ ಪೆಟ್ರೋಲ್ ಬಾಡಿಗೆ ಕಾರುಗಳನ್ನು ಹಂತ ಹಂತವಾಗಿ ರಸ್ತೆಯಿಂದ ತೆಗೆಯುವ, ಉಳಿದವನ್ನು ಗ್ಯಾಸಿಗೆ ಬದಲಾಯಿಸುವ ಯೋಚನೆ ಸರ್ಕಾರದ ಮುಂದಿದೆಯಂತೆ. ಮಾಲೀಕರು, ಸಾರ್ವಜನಿಕರು ಬಂದು ಅಭಿಪ್ರಾಯ ಹೇಳಬೇಕೆಂದು ಹಗರಿಬೊಮ್ಮನಹಳ್ಳಿಯಲ್ಲಿ ಸಭೆ ಕರೆದಿದ್ದರು. ನಿಮ್ಮ ಹರಪನಹಳ್ಳಿ ಈಗ ದಾವಣಗೆರೆ ಜಿಲ್ಲೆ, ನಿಮಗೆ ಸುದ್ದಿ ಮುಟ್ಟಿರಲಿಕ್ಕಿಲ್ಲ. ಮೊನ್ನೆ ಸೋಮವಾರ ರಜೆ ಹಾಕಿ ನಾನೇ ಹೋಗಿದ್ದೆ.

ಸಭೆ ಎಂದರೆ ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು, ಅಷ್ಟೇ. ಹಡಗಲಿಯ ಕಾಲೇಜಿನಲ್ಲಿ ಪಾಠ ಹೇಳುವ ಪಾಲಾಕ್ಷ ಎಂಬುವವರು ಮೊದಲು ಎದ್ದರು. ಹೊಗೆ, ಮಕ್ಕಳ ಶ್ವಾಸಕೋಶ, ಹೊರದೇಶದ ಎಣ್ಣೆ ಎಂದು ಅರ್ಧ ತಾಸು ಚೆನ್ನಾಗಿಯೇ ಮಾತಾಡಿದರು. ಅವರು ಬಂದಿದ್ದು ಯಾವುದರಲ್ಲಿ ಎಂದು ಹಿಂದಿನಿಂದ ಯಾರೋ ಕೇಳಿದರು. ಬಾಡಿಗೆ ಕಾರಿನಲ್ಲಿ ಎಂದು ಗೊತ್ತಾಗಿ ಜನ ನಕ್ಕರು. ಪಾಪ, ಅವರು ಹೇಳಿದ್ದು ಸುಳ್ಳಾಗಿರಲಿಲ್ಲ. ನಗುವವರಿಗೆ ಅದು ಬೇಕಾಗಿರಲಿಲ್ಲ, ಅಷ್ಟೇ.

ಆಮೇಲೆ ಹುಲುಗಣ್ಣ ಎದ್ದ. ನಿಮ್ಮ ಜೊತೆ ಕೊಟ್ಟೂರು ಸ್ಟ್ಯಾಂಡಿನಲ್ಲಿ ಗಾಡಿ ನಿಲ್ಲಿಸುತ್ತಿದ್ದವನು ಈಗ ಡ್ರೈವರುಗಳ ಸಂಘದ ಅಧ್ಯಕ್ಷನಾಗಿದ್ದಾನೆ. ಮೈಕು ಬೇಡವೆಂದ. "ಗ್ಯಾಸ್ ಹಾಕಸ್ರಿ ಅಂತೀರಲ್ರಿ ಸಾಹೇಬ್ರ, ತುಂಬ್ಸೂದು ಎಲ್ಲಿ? ಕೂಡ್ಲಿಗ್ಯಾಗ ಐತೋ, ಕೊಟ್ಟೂರಾಗ ಐತೋ? ನಮ್ಮ ಹಳ್ಳಿಗೆ ದಿನಕ್ಕ ಎರಡು ಬಸ್ಸು. ಹೊಟ್ಟಿನೋವು ಬಸ್ಸಿನ ಟೈಮ್ ನೋಡಿ ಬರತೈತೇನ್ರಿ?" ಎಂದ. ಚಪ್ಪಾಳೆ ಬಿತ್ತು. ಗುಂಪು ಕಾಣಲಿ ಎಂದು ಸುತ್ತಲ ಹಟ್ಟಿಗಳ ಜನರನ್ನು ತನ್ನ ಕಾರಿನಲ್ಲೇ ಮೂರು ಸಲ ತುಂಬಿಕೊಂಡು ಬಂದಿದ್ದ. ಕೂತಿದ್ದವರಲ್ಲಿ ನನ್ನನ್ನು ಕಂಡು ಅವನಿಗೆ ಹುರುಪು ಬಂತು. "ಉಜ್ಜಿನಿ ಸಿಸ್ಟರ್ ಇಲ್ಲೇ ಅದಾರ. ಎಷ್ಟು ಬಾಣಂತ್ಯಾರನ್ನ ನಮ್ಮ ಕಾರು ಉಳಿಸ್ಯಾವು, ಅವರನ್ನ ಕೇಳ್ರಿ" ಎಂದುಬಿಟ್ಟ.

ಸಾರಿಗೆ ಇಲಾಖೆಯ ಅಧಿಕಾರಿ ನನ್ನತ್ತ ನೋಡಿದರು. ನಾನು ಎದ್ದೆ.

ಕಾರುಗಳು ಉಳಿಸಿವೆ ಎಂದೇ ಮೊದಲು ಹೇಳಿದೆ. ಅದು ನಿಜ. ಆಂಬುಲೆನ್ಸ್ ಕಾಣದ ದಾರಿಗಳಲ್ಲಿ ನೀವು ಎಷ್ಟು ಹೆಂಗಸರನ್ನು ಕರೆತಂದಿದ್ದೀರಿ ಎಂಬುದನ್ನು ನಾನು ಮರೆತಿಲ್ಲ. ಆಮೇಲೆ, ಇವು ಪೆಟ್ರೋಲ್ ಕಾರುಗಳೆಂದು ಇಷ್ಟು ಹೊತ್ತು ಚರ್ಚೆ ನಡೆಯಿತಲ್ಲ, ಇವುಗಳಲ್ಲಿ ಪೆಟ್ರೋಲಿನ ಮೇಲೆ ಓಡುವುದು ಎಷ್ಟು ಎಂದು ಕೇಳಿದೆ. ಪೆಟ್ರೋಲಿನಲ್ಲಿ ಚಾಲು ಮಾಡುವುದು, ಎಂಜಿನ್ ಕಾದ ಮೇಲೆ ರೇಷನ್ ಸೀಮೆಎಣ್ಣೆಗೆ ತಿರುಗಿಸುವುದು, ಬಂದ್ ಮಾಡುವ ಮೊದಲು ನೆನಪಿನಿಂದ ಮತ್ತೆ ಪೆಟ್ರೋಲಿಗೆ ತಿರುಗಿಸುವುದು. ತಿರುಗಿಸದೆ ಬಂದ್ ಮಾಡಿದರೆ ಗಾಡಿ ಮತ್ತೆ ಹತ್ತುವುದಿಲ್ಲ. ಇದು ಅಲ್ಲಿದ್ದ ಪ್ರತಿಯೊಬ್ಬ ಡ್ರೈವರಿಗೂ ಗೊತ್ತು, ಡ್ರೈವರುಗಳ ಹೆಂಡಂದಿರಿಗೆ ಇನ್ನೂ ಚೆನ್ನಾಗಿ ಗೊತ್ತು. ನಮ್ಮ ಮನೆಯ ಸ್ಟವ್ ವರ್ಷಗಟ್ಟಲೆ ಅಟ್ಟದ ಮೇಲೆ ಕೂತಿತ್ತು. ನಾನು ಕಟ್ಟಿಗೆ ಒಲೆ ಊದಿದೆ.

ಅಷ್ಟಕ್ಕೆ ಕೂತುಬಿಡಬಹುದಿತ್ತು. ಕೂರಲಿಲ್ಲ. ಹಟ್ಟಿಯ ಕರಿಯಕ್ಕನ ವಿಷಯ ಹೇಳಿದೆ.

ನಿಮ್ಮ ಹೆಸರು ಎತ್ತಲಿಲ್ಲ, "ನನ್ನ ಹೆಸರಿನಲ್ಲಿರುವ ಕಾರು" ಎಂದೆ. ಆರು ವರ್ಷದ ಹಿಂದೆ ಹಟ್ಟಿಯಿಂದ ಚೊಚ್ಚಲ ಬಸುರಿಯೊಬ್ಬಳನ್ನು ಕೊಟ್ಟೂರಿನ ಆಸ್ಪತ್ರೆಗೆ ಕರೆತರುತ್ತಿದ್ದೆವು, ಮಗುವಿನ ಕಾಲು ಮುಂದಾಗಿತ್ತು. ಉಜ್ಜಿನಿಯಲ್ಲಿ ಗುಡಿಯ ಎದುರು ಕಾರು ಚಹಾಕ್ಕೆ ನಿಂತಿತು. ಬಂದ್ ಮಾಡಿದ್ದು ಸೀಮೆಎಣ್ಣೆಯ ಮೇಲೆ, ಚಾಲು ಮಾಡಲು ಇಟ್ಟುಕೊಳ್ಳುವ ಡಬ್ಬಿಯಲ್ಲಿ ಪೆಟ್ರೋಲ್ ತೀರಿತ್ತು. ಜನ ಮುಕ್ಕಾಲು ತಾಸು ನೂಕಿದರು, ಹತ್ತಲಿಲ್ಲ. ಟ್ರ್ಯಾಕ್ಟರ್ ಸಿಕ್ಕಿ ಊರು ದಾಟುವಷ್ಟರಲ್ಲಿ ನನ್ನ ಕೈಯಲ್ಲೇ ಹೆರಿಗೆಯಾಯಿತು. ಗಂಡು ಮಗು. ಅಳಲಿಲ್ಲ. ಬಾಯಿಗೆ ಬಾಯಿಟ್ಟು ಊದಿದೆ, ಬೆನ್ನು ತಟ್ಟಿದೆ, ಕಾಲು ಹಿಡಿದು ತಲೆಕೆಳಗು ಮಾಡಿದೆ. ಆಮೇಲೆ ಸೆರಗಿನಲ್ಲಿ ಸುತ್ತಿ ತಾಯಿಯ ಪಕ್ಕದಲ್ಲಿ ಮಲಗಿಸಿದೆ. ಇದನ್ನೆಲ್ಲ ಸಭೆಯಲ್ಲಿ ಹೇಳುವಾಗ ನನ್ನ ದನಿ ನಡುಗಲಿಲ್ಲ. ಆರು ವರ್ಷ ಮನಸ್ಸಿನಲ್ಲೇ ಹೇಳಿಕೊಂಡು ಬಾಯಿಪಾಠವಾಗಿತ್ತು.

ಚಹಾಕ್ಕೆ ನಿಂತಿತು ಎಂದಾಗ ಹುಲುಗಣ್ಣ ಏನೋ ಹೇಳಲು ಬಾಯಿ ತೆರೆದು ಮತ್ತೆ ಮುಚ್ಚಿಕೊಂಡ.

ಅದರಲ್ಲಿ ಹೊಸದೇನೂ ಇಲ್ಲವಲ್ಲ. ಅಂದು ಹಟ್ಟಿಯ ಹಿರಿಯರು ಕೂತು ಕೇಳಿದಾಗ ನೀವೇ ಕೈ ಕಟ್ಟಿ ನಿಂತು, "ಚಾ ಕುಡಿಯಾಕ ನಿಲ್ಸಿದ್ದೆ, ತಪ್ಪು ನನ್ನದ" ಎಂದು ಒಪ್ಪಿಕೊಂಡಿದ್ದಿರಿ. ಆ ತಿಂಗಳೇ ನಾನು ನಿಮ್ಮ ಬಟ್ಟೆಯನ್ನು ಟ್ರಂಕಿಗೆ ತುಂಬಿ ಕ್ವಾರ್ಟರ್ಸಿನ ಹೊರಗಿಟ್ಟೆ. ಬೈಯುತ್ತೀರಿ, ಕನಿಷ್ಠ ಬಾಗಿಲಾದರೂ ಬಡಿಯುತ್ತೀರಿ ಎಂದುಕೊಂಡಿದ್ದೆ. ಟ್ರಂಕನ್ನು ಡಿಕ್ಕಿಗೆ ಹಾಕಿಕೊಂಡು ಸುಮ್ಮನೆ ಹೋದಿರಿ. ಸುಮ್ಮನೆ ಹೋದಿರೆಂದೇ ನನಗೆ ಹೆಚ್ಚು ಸಿಟ್ಟು ಬಂದಿತ್ತು.

ನಾನು ಕೂತ ಮೇಲೆ ಚರ್ಚೆ ಮುಂದುವರಿಯಲಿಲ್ಲ. ಅಧಿಕಾರಿ ನಾನು ಹೇಳಿದ್ದನ್ನು ಬರೆಸಿಕೊಂಡು ಓದಿ ಹೇಳಿದರು. "ಚಾಲಕನು ಚಹಾ ಸೇವನೆಗಾಗಿ ವಾಹನ ನಿಲ್ಲಿಸಿದ್ದರಿಂದ" ಎಂದು ಅದರಲ್ಲಿತ್ತು. ಸಹಿ ಹಾಕಿದೆ. ಯೋಜನೆ ಬರುವುದು ಬಿಡುವುದು ಆಮೇಲಿನ ಮಾತು, ಈ ಕಾರಿನ ಪರ್ಮಿಟ್ಟನ್ನೂ ಚಾಲಕನ ಲೈಸೆನ್ಸನ್ನೂ ಈಗಲೇ ರದ್ದು ಮಾಡಲು ಮೇಲಕ್ಕೆ ಬರೆಯುತ್ತೇನೆ ಎಂದರು. ಹದಿನೈದು ದಿನದೊಳಗೆ ಹೇಳುವುದಿದ್ದರೆ ಲಿಖಿತವಾಗಿ ಹೇಳಬಹುದಂತೆ. ಸಭೆಗೆ ಹೋಗುವಾಗ ಕಾರು ಹೋದರೆ ಹೋಗಲಿ ಎಂದಿತ್ತು. ನಿಮ್ಮ ಲೈಸೆನ್ಸಿನ ಮಾತು ಬರುತ್ತದೆಂದು ನಾನು ಎಣಿಸಿರಲಿಲ್ಲ. ಸ್ಟೇರಿಂಗ್ ಬಿಟ್ಟರೆ ನಿಮ್ಮ ಕೈಗೆ ಬೇರೆ ಕೆಲಸ ಗೊತ್ತಿಲ್ಲ. ಅದು ನನಗೆ ಗೊತ್ತಿದೆ.

ಯೋಜನೆಯ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ, ಹಳೆಯ ಕಾರುಗಳು ಹೋಗಬೇಕು ಎಂದೇ ಈಗಲೂ ಹೇಳುತ್ತೇನೆ. ಆದರೆ ಮೊದಲು ಹಳ್ಳಿಗೊಂದು ಆಂಬುಲೆನ್ಸ್ ಬರಲಿ, ಆಮೇಲೆ ಹೋಗಲಿ. ಇದನ್ನು ಅಲ್ಲಿ ಹೇಳಬೇಕಿತ್ತು. ಬಸ್ಸಿನಲ್ಲಿ ಬರುವಾಗ ಹೊಳೆಯಿತು. ಬುದ್ಧಿ ಬರುವುದು ಬಸ್ಸು ಹತ್ತಿದ ಮೇಲೆಯೇ.

ಸಭೆ ಮುಗಿದು ಹೊರಗೆ ನಲ್ಲಿಯ ಹತ್ತಿರ ಮುಖ ತೊಳೆಯುತ್ತಿದ್ದಾಗ ಕರಿಯಕ್ಕ ಬಂದಳು. ಹುಲುಗಣ್ಣ ಕರೆತಂದವರಲ್ಲಿ ಅವಳೂ ಇದ್ದಳಂತೆ, ನಾನು ನೋಡಿರಲಿಲ್ಲ. ಈಗ ಅವಳಿಗೆ ನಾಲ್ಕು ವರ್ಷದ ಮಗಳಿದ್ದಾಳೆ. ಸೊಂಟದ ಮೇಲೆ ಕೂತು ನನ್ನ ಬ್ಯಾಗಿನ ದಾರ ಎಳೆಯುತ್ತಿದ್ದಳು. ಕರಿಯಕ್ಕ ಸಿಟ್ಟಿನಲ್ಲಿರಲಿಲ್ಲ. ಒಂದೇ ಒಂದು ಮಾತು ಕೇಳಿದಳು. ನಾನು ಬಸ್ಸಿಗೆ ಹೊತ್ತಾಯಿತೆಂದು ಹೇಳಿ ಬಂದುಬಿಟ್ಟೆ.

ಲಕೋಟೆಯಲ್ಲಿ ಎರಡು ಕಾಗದ ಇಟ್ಟಿದ್ದೇನೆ. ಒಂದು, ಕಾರನ್ನು ನಿಮ್ಮ ಹೆಸರಿಗೆ ಮಾಡಿಕೊಡುವ ಅರ್ಜಿ. ನನ್ನ ಸಹಿ ಹಾಕಿದ್ದೇನೆ, ನಿಮ್ಮ ಸಹಿಯ ಜಾಗ ಖಾಲಿ ಇದೆ. ಇಟ್ಟುಕೊಳ್ಳುವುದು, ಗ್ಯಾಸಿಗೆ ಹಾಕಿಸುವುದು, ಗುಜರಿಗೆ ಕೊಡುವುದು ನಿಮಗೆ ಬಿಟ್ಟಿದ್ದು. ಸೀಮೆಎಣ್ಣೆ ಮಾತ್ರ ಹಾಕಬೇಡಿ. ಎರಡನೆಯದು ನಾನು ಅಧಿಕಾರಿಗೆ ಬರೆದ ಕಾಗದದ ಪ್ರತಿ. ಅದನ್ನು ಇದಾದ ಮೇಲೆ ಓದಿ.

ಅಕ್ಕನವರಿಗೆ ನಮಸ್ಕಾರ ತಿಳಿಸಿ. ಅವರು ಬೇಡವೆಂದರೂ ತಿಳಿಸಿ.

ಇಂತಿ,
ಸದ್ಯಕ್ಕೆ ಕಾರಿನ ಯಜಮಾನಿ,
ಪುಷ್ಪಲತಾ

ತಾ.ಕ.: ಕರಿಯಕ್ಕ ಕೇಳಿದ್ದು ಇಷ್ಟು. "ಅಕ್ಕಾರ, ಚಾ ಕುಡಿಯಾಕ ನಿಲ್ಸಿದ್ರ ನನ್ನ ಹಣಿಗೆ ವಿಭೂತಿ ಎಲ್ಲಿಂದ ಬಂತ್ರಿ? ನೀವ ಗುಡಿಗೆ ಹೋಗಿ ತಂದು ಹಚ್ಚಿದ್ರಲ್ಲ. ಅದರಿಂದನ ನಾ ಉಳದೀನಿ ಅಂತ ಇವತ್ತಿಗೂ ಮಂದಿಗೆ ಹೇಳ್ತೀನ್ರಿ." ಅಂದು ಕಾರಿನಲ್ಲಿ ಮಗುವಿನ ಮಿಸುಕಾಟ ಕೈಗೆ ಸಿಗದೆ ಹೋದಾಗ ನನಗೆ ಹೆದರಿಕೆಯಾಯಿತು. ದೇವರ ಮೇಲೆ ಭಾರ ಹಾಕಿ ಹೊತ್ತು ಕಳೆಯಬೇಡಿ, ಆಸ್ಪತ್ರೆಗೆ ಬನ್ನಿ ಎಂದು ಮನೆ ಮನೆಗೆ ಹೇಳಿಕೊಂಡು ತಿರುಗುವ ನಾನೇ ಎರಡು ನಿಮಿಷ ನಿಲ್ಲಿಸಿ ಎಂದೆ. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ. ಚಾಲೂ ಇರಲಿ ಎಂದಿರಿ ನೀವು. ಹೊಗೆ ಒಳಗೆ ತುಂಬುತ್ತಿದೆ, ಬಂದ್ ಮಾಡಿ ಎಂದು ಗದರಿಸಿದವಳು ನಾನು. ಸಿಸ್ಟರ್ ನಿಲ್ಲಿಸಿದಳು ಎಂದಾಗಿದ್ದರೆ ನನ್ನ ನೌಕರಿ ಉಳಿಯುತ್ತಿರಲಿಲ್ಲ, ಅದಕ್ಕೇ ನೀವು ಹಿರಿಯರ ಮುಂದೆ ಹಾಗೆ ಹೇಳಿದಿರಿ. ನಿಮ್ಮ ಮುಖ ನೋಡಿದಾಗಲೆಲ್ಲ ನನಗೆ ಆ ವಿಭೂತಿ ನೆನಪಾಗುತ್ತಿತ್ತು, ಅದಕ್ಕೇ ಟ್ರಂಕು ಹೊರಗಿಟ್ಟೆ. ಇದೆಲ್ಲವೂ ಎರಡನೆಯ ಕಾಗದದಲ್ಲಿದೆ. ಅದರ ಇನ್ನೊಂದು ಪ್ರತಿ ನಮ್ಮ ದೊಡ್ಡ ಡಾಕ್ಟರಿಗೂ ಇಂದು ಬೆಳಿಗ್ಗೆ ರಿಜಿಸ್ಟರ್ ಅಂಚೆಯಲ್ಲಿ ಹೋಗಿದೆ. ಹುಲುಗಣ್ಣ ಸಭೆಯಲ್ಲಿ ಬಾಯಿ ತೆರೆದದ್ದು ಏಕೆಂದೂ ನನಗೆ ಗೊತ್ತು. ಸ್ಟ್ಯಾಂಡಿನಲ್ಲಿ ನಿಮ್ಮ ಜೊತೆ ಕೂತವನಿಗೆ, ಒಂಬತ್ತು ವರ್ಷ ನಿಮ್ಮ ಜೊತೆ ಬಾಳಿದವಳಿಗೆ ಅದು ಗೊತ್ತಿಲ್ಲದೆ ಇರುತ್ತದೆಯೇ? ನೀವು ಚಹಾ ಕುಡಿಯುವುದೇ ಇಲ್ಲ.