ಹುಟ್ಟದ ಕೂಸನ್ನು ಕೊಟ್ಟು ಪಡೆದ ರಾಜ್ಯ

ಮಾನ್ಯ ಸಂಸತ್ ಸದಸ್ಯರೇ,

ಮೇಯ್ನ್ ರಾಜ್ಯವಾದ ಸಂತೋಷಕೂಟಕ್ಕೆ ನನ್ನ ಊಟದ ಮನೆಯಿಂದ ಹಂಡೆಗಟ್ಟಲೆ ಕಾಳು ಬೇಯಿಸಿ ಕಳಿಸಬೇಕೆಂದು ಹೇಳಿಕಳಿಸಿದ್ದೀರಿ. ಕಳಿಸುವುದಿಲ್ಲ. ನನ್ನ ನಾದಿನಿಯ ಹೊಟ್ಟೆಯಲ್ಲಿರುವ ಕೂಸನ್ನು ಕೊಟ್ಟು ತಂದ ರಾಜ್ಯಕ್ಕೆ ನಾನೇ ಅಡುಗೆ ಮಾಡಿ ಬಡಿಸಬೇಕೆ?

ನೀವು ಮರೆತಿರಬಹುದು, ದೊಡ್ಡವರ ಮರೆವೂ ದೊಡ್ಡದು. ಮ್ಯಾಸಚೂಸೆಟ್ಸ್ ಎಂಬ ಅಣ್ಣನಿಂದ ನಮ್ಮ ಮೇಯ್ನ್‌ಗೆ ಹಿಸ್ಸೆಯಾಗಲಿ, ಬೇರೆ ಒಲೆ ಹೂಡೋಣ ಎಂದು ಮತ ಕೇಳಲು ಬಂದಿರಿ. ಇಲ್ಲಿ ನನ್ನಂಥ ಕರಿಯನಿಗೂ ಮತವಿದೆಯಲ್ಲ, ಹಾಗಾಗಿ ನನ್ನ ಬೆಂಚಿನ ಮೇಲೂ ಕೂತು ಉಂಡಿರಿ. ನನ್ನ ಹೆಂಡತಿ ಡೋರ್ಕಸ್ ತನ್ನ ತಂಗಿ ಲೆಟಿಯ ವಿಷಯ ತೆಗೆದದ್ದು ಆಗಲೇ. ಇನ್ನೂ ಗುಲಾಮಳಾಗಿದ್ದ ಲೆಟಿಯನ್ನು ಅವಳ ಒಡೆಯ ಮಿಸೌರಿಗೆ ಎಳೆದುಕೊಂಡು ಹೋಗಿದ್ದ. ಅವಳು ಬಸುರಿಯೆಂದು ದೋಣಿಯವನೊಬ್ಬ ಸುದ್ದಿ ತಂದಿದ್ದ. ಮಿಸೌರಿಯೂ ರಾಜ್ಯವಾಗಲು ಕಾದಿತ್ತು. ಹಾಗಾದ ಮೇಲೆ ಅಲ್ಲಿ ಗುಲಾಮರಿಗೆ ಹುಟ್ಟುವ ಮಕ್ಕಳಿಗೆ ಬಿಡುಗಡೆ ಸಿಗಬೇಕೆಂಬ ಷರತ್ತು ನಿಮ್ಮ ಸಭೆಯ ಮುಂದಿತ್ತು.

"ಆತುರ ಬೇಡ ಅಂತ ತಂಗಿಗೆ ಹೇಳಮ್ಮ," ಎಂದಿರಿ ನೀವು, ರೊಟ್ಟಿ ಚೂರಿನಿಂದ ಬಟ್ಟಲು ಒರೆಸಿ ತಿನ್ನುತ್ತಾ. "ಕಾಯ್ದೆ ಆಗ್ಲಿ, ಆಮೇಲೆ ಹೆರ್ಲಿ. ಆ ಕೂಸಿನ ಪರ ನನ್ನ ಮತ ಇದ್ದೇ ಇದೆ."

"ಕೂಸು ನಿಮ್ಮ ಕಾಯ್ದೆಗಿಂತ ಬೇಗ ಬೆಳೀತದೆ ಸ್ವಾಮಿ. ನೀವೇ ಸ್ವಲ್ಪ ಬಿರಬಿರನೆ ನಡೀರಿ," ಎಂದಳು ಡೋರ್ಕಸ್. ಎಲ್ಲರೂ ನಕ್ಕೆವು.

ಲೋಕದಲ್ಲಿ ಹೆಂಗಸರು ತಂಗಿಗೆ ಬೇಗ ಹೆರಿಗೆಯಾಗಲಿ ಎಂದು ಬೇಡಿಕೊಳ್ಳುತ್ತಾರೆ. ನನ್ನ ಹೆಂಡತಿ ಚಳಿಗಾಲವೆಲ್ಲ ಮಂಡಿಯೂರಿ, ತಡವಾಗಲಿ ದೇವರೇ ಎಂದು ಬೇಡಿದಳು. ನಿಮ್ಮ ಮಾತು ನಂಬಿ ಬೇಡಿದಳು.

ನೀವೇನು ಮಾಡಿದಿರಿ? ಮೇಯ್ನ್ ಬೇಕಾದರೆ ಮಿಸೌರಿಯ ಷರತ್ತು ಬಿಡಿ ಎಂದರು ಗುಲಾಮರ ಒಡೆಯರ ಕಡೆಯವರು, ಬಿಟ್ಟಿರಿ. ಅದಕ್ಕೆ ರಾಜಿ ಎಂದು ಹೆಸರು. ರಾಜಿಯಾದದ್ದು ಯಾರು ಯಾರ ನಡುವೆ? ಲೆಟಿಯನ್ನು ಯಾರಾದರೂ ಕೇಳಿದರೇ? ಪಶ್ಚಿಮದಲ್ಲಿ ಒಂದು ಗೆರೆ ಎಳೆದಿದ್ದೇವೆ, ಅದರ ಉತ್ತರದ ಬಯಲಿಗೆ ಗುಲಾಮಗಿರಿ ಕಾಲಿಡದು ಎಂದು ಸಮಾಧಾನ ಹೇಳುತ್ತೀರಿ. ಆದರೆ ಮಿಸೌರಿ ಇರುವುದೂ ಆ ಗೆರೆಯ ಉತ್ತರಕ್ಕೇ ಅಲ್ಲವೆ? ಅದೊಂದನ್ನು ಬಿಟ್ಟು ಉಳಿದದ್ದಕ್ಕೆ ನಿಮ್ಮ ನ್ಯಾಯ! ಆ ಬಯಲಿನ ಕಾಡೆಮ್ಮೆಗಳು ನೀವು ಹೇಳುವ ಮೊದಲೂ ಸ್ವತಂತ್ರವಾಗಿಯೇ ಇದ್ದವು. ಹೊಟ್ಟೆ ಉರಿಯುತ್ತದೆ, ಸ್ವಾಮಿ. ನೀವು ಶತ್ರುವಾಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ಮೊನ್ನೆ ರಾಜ್ಯವಾಯಿತೆಂದು ಊರಿನ ಚರ್ಚುಗಳೆಲ್ಲ ಗಂಟೆ ಬಾರಿಸಿದವು. ಡೋರ್ಕಸ್‌ಗೆ ಓದು ಬಾರದು. ಪತ್ರಿಕೆ ಓದಿ ಹೇಳುವವನು ನಾನೇ, ಷರತ್ತು ಬಿಟ್ಟ ಸುದ್ದಿಯನ್ನು ನಾನು ಹೇಳಿರಲಿಲ್ಲ. ಮೇಯ್ನ್ ರಾಜ್ಯವೂ ಆಯಿತು, ಮಿಸೌರಿಯ ಕಾಯ್ದೆಯೂ ಆಯಿತು ಎಂದುಕೊಂಡಳು. ಹಿಟ್ಟಿನ ಕೈಯಲ್ಲೇ ಅಂಗಳಕ್ಕೆ ಓಡಿ, ಪಶ್ಚಿಮಕ್ಕೆ ತಿರುಗಿ ಕೂಗಿದಳು: "ಇನ್ನು ಹೆರೇ ಲೆಟಿ! ಇನ್ನು ಹೆರು, ನನ್ನವ್ವ!"

ನನ್ನ ಬೇಡಿಕೆ ಒಂದೇ. ಪತ್ರಿಕೆಯಲ್ಲಿ ಊರಿಗೆಲ್ಲ ಸಾರಿ ಬರೆಯುವ ಧೈರ್ಯ ನನಗಿದೆ, ಅವಳಿಗೆ ಹೇಳುವ ಧೈರ್ಯ ಇಲ್ಲ. ಈ ಪತ್ರದ ಸುದ್ದಿ ಬೇರೆ ಯಾರ ಬಾಯಿಂದಲಾದರೂ ಅವಳಿಗೆ ಮುಟ್ಟುವ ಮೊದಲು ನನ್ನ ಅಡುಗೆಮನೆಗೆ ಬನ್ನಿ. ಆ ಕೂಸಿನ ಪರ ಮತ ಹಾಕಲಿಲ್ಲವೆಂದು ನೀವೇ ಅವಳಿಗೆ ಹೇಳಿ.

ಇಂತಿ,
ಈ ರಾಜ್ಯ ಬೇಕೆಂದು ಕೈಯಾರೆ ಮತ ಹಾಕಿ ಬಂದ
ಎಲ್ಕಾನಾ ಲಾರಬಿ,
ಪೋರ್ಟ್‌ಲ್ಯಾಂಡ್ ಬಂದರು, ಮೇಯ್ನ್
ಮಾರ್ಚ್ 1820